ಹದಿನೇಳನೆಯದು

ಉಲಾನ್‌ಬಾತರಿನ ಹಳೇ ರಷ್ಯನ್ ಕಟ್ಟಡವೊಂದರ ನೆಲಮಾಳಿಗೆ.
ಇಪ್ಪತ್ತೆರಡು ಕಂಪ್ಯೂಟರು, ಒಂದು ಕೆಟಲು, ನಾನು.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಬಾಗಿಲು ತೆರೆದಾಗಲೆಲ್ಲ ಕಲ್ಲಿದ್ದಲ ಹೊಗೆ
ಕಾಸು ಕೊಡದ ಗಿರಾಕಿಯ ಹಾಗೆ
ಒಳಬಂದು ಕೂರುತ್ತದೆ.

ಉಳಿದವುಗಳದ್ದು ತಂಟೆಯಿಲ್ಲ. ಹದಿನೇಳು ಮಾತ್ರ ಹೀಗೆ:
ಲೆಕ್ಕ ಬರೆದರೆ ಸಾಧು, ಸಿನಿಮಾ ಹಾಕಿದರೆ ಸಾಧು,
ಆಟದೊಳಗೆ ಕೋಟೆಗೆ ಬೆಂಕಿ ಬಿತ್ತೋ
ಟಕ್.
ಪರದೆ ಕಪ್ಪು.
ಒಂದು ಉಸಿರಿನಷ್ಟು ಹೊತ್ತು ಫ್ಯಾನೂ ಸುಮ್ಮನೆ,
ಮತ್ತೆ ಗುಂಯ್ ಎಂದು ಮೊದಲಿನಿಂದ,
ಏನೂ ನಡೆದೇ ಇಲ್ಲವೆಂಬ ಮುಖ ಹೊತ್ತು.
ಒಳಗಿನ ದಾಖಲೆ ತೆರೆದರೆ ಒಂದೇ ಸಾಲು:
ಕರೆಂಟು ಹೋಯಿತು, ಕಾರಣ ತಿಳಿಯದು.
ಅಷ್ಟು ನನಗೂ ಗೊತ್ತು, ಮಹರಾಯ.

ತೆಮೂಲೆನ್‌ಗೆ ಹದಿನಾಲ್ಕು.
ಸಂಜೆ ಆರಕ್ಕೆ ತಂಗಿಯ ಕೈ ಹಿಡಿದು ಬರುತ್ತಾನೆ.
ಐದನೆಯದು ಖಾಲಿ ಇದೆ, ಹೊಸದು, ಹೋಗೋ ಅಂದರೆ
'ಬೇಡ ಎಗ್ಚೆ, ಇದೇ ಇರಲಿ.'
ಹತ್ತುತ್ತಾನೆ, ಟಕ್, ಕಾಯುತ್ತಾನೆ, ಮತ್ತೆ ಕೋಟೆ ಹತ್ತುತ್ತಾನೆ.
ಹಟಮಾರಿ ಅಂದುಕೊಂಡೆ.
ಮೂರು ಸಲ ದುಡ್ಡು ವಾಪಸು ಕೊಟ್ಟೆ;
ನಾಲ್ಕನೆಯದನ್ನು ಯಜಮಾನ ದಾವಾಸುರೆನ್
ನನ್ನ ಸಂಬಳದಲ್ಲಿ ಕಳೆದ.

ಆ ರಾತ್ರಿ ಬಾಗಿಲು ಹಾಕಿ, ಅದನ್ನು ಮೇಜಿನ ಮೇಲೆ ಮಲಗಿಸಿ
ಮಗ್ಗುಲ ತಗಡು ಬಿಚ್ಚಿದೆ.
ಒಳಗೆ ದೂಳಲ್ಲ, ಮಸಿ.
ಗುಡ್ಡದ ಮೇಲಿನ ಗೆರ್ ಗುಡಾರಗಳ ಒಲೆಗಳೆಲ್ಲ
ಚೂರುಚೂರು ಕಳಿಸಿಕೊಟ್ಟ ಕಪ್ಪು;
ಅದರಲ್ಲಿ ನನ್ನ ಒಲೆಯದೂ ಇದ್ದೀತು.
ಬ್ರಷ್ಷಿನಿಂದ ತೀಡಿದೆ, ಊದಿದೆ, ಕೆಮ್ಮಿದೆ.
ಪ್ರೊಸೆಸರಿನ ನೆತ್ತಿಗೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟು.
ರ‍್ಯಾಮು ಒಂದೊಂದೇ ಕಿತ್ತು, ಒಂದೊಂದೇ ಹಾಕಿ ನೋಡಿದೆ.
ನಾಲ್ಕನೆಯದರ ಪವರ್ ಸಪ್ಲೈ ತಂದು ಇದಕ್ಕೆ ಕೂಡಿಸಿದೆ.
ಕೋಟೆ. ಬೆಂಕಿ. ಟಕ್.

ಆಗ ಕಣ್ಣಿಗೆ ಬಿತ್ತು ಗೋಡೆಯ ಕೊಳವೆ:
ಊರಿಗೆಲ್ಲ ಬಿಸಿನೀರು ಹರಿಸುವ ದಪ್ಪ ಕೊಳವೆ,
ಹದಿನೇಳರ ಬೆನ್ನಿಗೇ, ಅಂಗೈ ಇಟ್ಟರೆ ಚುರುಕ್ಕೆನ್ನುವಷ್ಟು.
ಸಿಕ್ಕೆಯಾ ಕಳ್ಳಾ, ಅಂದೆ.
ಮರುದಿನ ಮೇಜನ್ನೇ ಬಾಗಿಲ ಕಡೆಗೆ ಎಳೆಸಿದೆ.

ಸಂಜೆ ಆರು. ಹುಡುಗ ಬಂದ, ನಿಂತ,
ಖಾಲಿ ಗೋಡೆ ನೋಡಿದ.
ಏನೂ ಅನ್ನಲಿಲ್ಲ.
ತನ್ನ ಕೋಟು ಕಳಚಿ ಕೊಳವೆಯ ಪಕ್ಕ ಹಾಸಿದ;
ಸುವ್ದ ಅದರ ಮೇಲೆ ಮುದುರಿ, ಬೆನ್ನು ಬಿಸಿಗೆ ಕೊಟ್ಟು,
ದಿನಾ ಮಲಗುವವಳ ಹಾಗೆ ಮಲಗಿಬಿಟ್ಟಳು.
ಅವನು ಬಾಗಿಲ ಬಳಿ ಅಂಗಿಯಲ್ಲೇ ಕೂತು ಆಡಿದ,
ಕತ್ತು ಮಾತ್ರ ಹಿಂದಕ್ಕೇ ತಿರುಗುತ್ತಿತ್ತು.
ಇಷ್ಟು ದಿನ ಆ ಮೇಜಿನಡಿ ನಾನು ಬಗ್ಗಿ ನೋಡಿರಲೇ ಇಲ್ಲ.

ಕೋಟೆ ಉರಿಯಿತು. ಟಕ್.
ಅಂದರೆ ಕೊಳವೆ ಕಳ್ಳನಲ್ಲ.

ಅವರು ಹೋದ ಮೇಲೆ ಟಾರ್ಚು ಹಲ್ಲಲ್ಲಿ ಕಚ್ಚಿ ಕೂತೆ.
ಗ್ರಾಫಿಕ್ಸ್ ಕಾರ್ಡಿಗೆ ಎರಡು ಬಾಯಿ.
ಎರಡಕ್ಕೂ ಉಣಿಸುತ್ತಿದ್ದದ್ದು ಒಂದೇ ತಂತಿ,
ತುದಿಯಲ್ಲಿ ಕವಲೊಡೆದದ್ದು.
ಹಸಿವು ಸಣ್ಣದಿರುವಾಗ ಹೇಗೋ ನಡೆಯುತ್ತದೆ;
ಬೆಂಕಿ, ಹೊಗೆ, ಸಾವಿರ ಬಾಣ ಒಮ್ಮೆಗೇ ಬಿಡಿಸಬೇಕಾದಾಗ
ಎರಡು ಬಾಯಿಯೂ ಒಟ್ಟಿಗೆ ತೆರೆಯುತ್ತವೆ.
ಚಳಿಗೆ ಮುಂಚೆ ಆ ಕಾರ್ಡು ಕೂರಿಸಿದವಳು ನಾನೇ.
ಇನ್ನೊಂದು ತಂತಿ ಡಬ್ಬಿಯಲ್ಲೇ ಇತ್ತು, ಸುತ್ತಿದ್ದು ಬಿಚ್ಚದೆ.
ಪವರ್ ಸಪ್ಲೈ ಬದಲಿಸಿದಾಗಲೂ
ನನ್ನ ಕೈ ಹಳೆಯ ಚಾಳಿಯಲ್ಲೇ ಸಿಕ್ಕಿಸಿತ್ತು.
ಮೂರು ವಾರ ಯಂತ್ರವನ್ನು ಬೈದಿದ್ದೆ.

ಬಾಯಿಗೊಂದು ತಂತಿ ಕೊಟ್ಟೆ.
ಮೇಜನ್ನು ಒಬ್ಬಳೇ ಹಿಂದಕ್ಕೆ ತಳ್ಳಿದೆ, ಗೋಡೆಯ ತನಕ,
ಕೊಳವೆಗೂ ಯಂತ್ರಕ್ಕೂ ನಡುವೆ
ಒಂದು ಮಗುವಿನ ಅಗಲ ಬಿಟ್ಟು.

ಇವತ್ತು ಕೋಟೆ ಇಪ್ಪತ್ತು ನಿಮಿಷ ಉರಿಯಿತು.
ತೆಮೂಲೆನ್ ಗೆದ್ದ. ಗೆದ್ದವನು ಏನು ಮಾಡಬೇಕೆಂದು ತಿಳಿಯದೆ
ಮೌಸಿನಿಂದ ಕೈ ಎತ್ತಿ ಕಾಯುತ್ತ ಕೂತ.
ಆಚೆ ಕೆಟಲು ಕುದಿದು ತಾನಾಗಿ ಆರಿತು, ಟಕ್.
ನಾವಿಬ್ಬರೂ ಬೆಚ್ಚಿದೆವು.
ಸುವ್ದ ಏಳಲಿಲ್ಲ.