ಸುಮ್ಮನಿರುವುದರ ಖರ್ಚು

ಶಿಡ್ಲಘಟ್ಟದ ಗುಲ್ನಾರ್ ಬಿ
ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು,
ತನ್ನದಲ್ಲದ ಸಾಮಾನನ್ನು
ಕೌಂಟರಿನಲ್ಲಿ ಒಪ್ಪಿಸುವ ಹಾಗೆ.
ಇಪ್ಪತ್ತೆರಡು ವರ್ಷ ಬಿಸಿನೀರಿನ ಬೇಸಿನ್ನಿನಲ್ಲಿ
ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿದ ಬೆರಳು.
"ಈಗ ತುದಿ ಸಿಗಲ್ಲಮ್ಮ.
ಐತೆ ಅಂತ ಕಣ್ಣಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ."

ಚಿಕ್ಕಬಳ್ಳಾಪುರ, ಎರಡನೇ ಮಹಡಿ, ನರ ಪರೀಕ್ಷೆಯ ಕೋಣೆ.
ಕಿಟಕಿಯಲ್ಲಿ ನಂದಿಬೆಟ್ಟದ ಅರ್ಧ ಬೆನ್ನು,
ಉಳಿದರ್ಧ ಎದುರಿನ ಲಾಡ್ಜಿನ ನೀರಿನ ಟ್ಯಾಂಕಿನ ಹಿಂದೆ.
ಜೆಲ್ಲಿ ಹಚ್ಚಿದೆ, ತಂತಿ ಅಂಟಿಸಿದೆ,
ಮಣಿಕಟ್ಟಿಗೆ ಸಣ್ಣದೊಂದು ಏಟು ಕೊಟ್ಟೆ.
ಹೆಬ್ಬೆರಳು ಹಾರಿತು.
"ನಾನಲ್ಲ," ಅಂದಳು ತಕ್ಷಣ.

ಆಮೇಲೆ: "ಒಳಗೂ ಕರೆಂಟ್ ಐತಾ?
ಐತೆ ಅಂದ್ರೆ ಬಿಲ್ ಯಾರು ಕಟ್ಟೋದು?"

ಹನ್ನೊಂದು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.
ನೋವಾಗುತ್ತಾ, ಎಷ್ಟು ಹೊತ್ತು, ಊಟ ಮಾಡಿ ಬರಬೇಕಿತ್ತಾ,
ಇಷ್ಟೇ ಕೇಳುತ್ತಾರೆ.

ಹೇಳಿದೆ, ನನಗೆ ಬರುವ ಹಾಗೆ.
ಇದು ಲೈನಿನ ಕರೆಂಟಲ್ಲ, ಉಪ್ಪಿನದು.
ನರದ ಹೊರಗೆ ಅಡುಗೆಮನೆಯ ಉಪ್ಪಿನ ಸೋಡಿಯಂ ತುಂಬಿ ನಿಂತಿದೆ,
ಒಳಗೆ ಪೊಟ್ಯಾಸಿಯಂ, ಎಳನೀರಿನಲ್ಲಿ ಇರುತ್ತಲ್ಲ, ಅದು.
ನಡುವೆ ಎಣ್ಣೆಯಂಥ ಪೊರೆ,
ನಿಮ್ಮ ಗೂಡಿನ ಎಳೆಗಿಂತ ಸಾವಿರ ಪಾಲು ತೆಳು.
ಒಳಗಿನದು ಸ್ವಲ್ಪ ಸೋರಿ ಹೊರಗೆ ಹೋಗುತ್ತದೆ,
ಸೋರಿದ್ದಕ್ಕೆ ಒಳಗೊಂದು ಕೊರತೆ:
ಎಪ್ಪತ್ತು ಮಿಲಿವೋಲ್ಟಿನ ಕೊರತೆ.
ಆ ಕೊರತೆಯೇ ಬಂಡವಾಳ.

ಏಟು ಬಿದ್ದಾಗ ಅದು ಕರಗುತ್ತ ಬರುತ್ತದೆ,
ಅರವತ್ತು, ಐವತ್ತೈದು,
ಅಲ್ಲೊಂದು ಹೊಸ್ತಿಲು.
ಈಚೆಗೇ ನಿಂತರೆ ಏನೂ ಇಲ್ಲ, ಗೊಣಗಾಟವೂ ಇಲ್ಲ.
ದಾಟಿತೋ, ಬಾಗಿಲುಗಳೆಲ್ಲ ಒಮ್ಮೆಲೇ ತೆರೆದು
ಉಪ್ಪು ಒಳಗೆ ನುಗ್ಗುತ್ತದೆ.
ಅರ್ಧ ಹೂಂ ಎನ್ನುವುದು ನರಕ್ಕೆ ಬರುವುದಿಲ್ಲ.
ರೆಪ್ಪೆ ಮಿಟುಕುವುದರ ನೂರನೇ ಪಾಲಿನಲ್ಲಿ
ಬಾಗಿಲು ತಾನೇ ಮುಚ್ಚಿ, ಪೊಟ್ಯಾಸಿಯಂ ಹೊರಟು,
ಮತ್ತೆ ಕೊರತೆ.
ಅಷ್ಟರಲ್ಲಿ ಪಕ್ಕದ ಬಾಗಿಲಿಗೆ ಸುದ್ದಿ ಮುಟ್ಟಿರುತ್ತದೆ.

"ಬಿಲ್ಲು?"

ಪಂಪಿನದು.
ಒಳಗೆ ಬಂದ ಉಪ್ಪನ್ನು ಮೊಗೆದು ಹಾಕಬೇಕಲ್ಲ,
ಮೂರು ಹೊರಗೆ, ಎರಡು ಒಳಗೆ,
ನೀವು ಮಲಗಿದಾಗಲೂ,
ಕೈ ಮಡಿಲಲ್ಲಿ ಸುಮ್ಮನಿದ್ದಾಗಲೂ.
ನಮ್ಮ ಪಠ್ಯದಲ್ಲಿ ಇದಕ್ಕೆ ವಿಶ್ರಾಂತಿ ಸ್ಥಿತಿ ಅಂತ ಹೆಸರು!
ಮುದ್ದೆಯ ಐದು ತುತ್ತಿನಲ್ಲಿ ಒಂದು ತುತ್ತು
ಈ ಮೊಗೆಯುವುದಕ್ಕೇ ಹೋಗುತ್ತದೆ.

"ನಮ್ಮ ಸಾಹುಕಾರಂಗೆ ಹೇಳಿ ಇದನ್ನ," ನಕ್ಕಳು.
"ಸುಮ್ನೆ ಕೂತ್ರೆ ಕೂಲಿ ಹಿಡೀತಾನೆ."

ಹೆಬ್ಬೆರಳ ಬುಡಕ್ಕೆ ಸೂಜಿ ಚುಚ್ಚಿ, ಮೇಲಕ್ಕೆ ಒತ್ತಿ ಅಂದೆ.
ಸ್ಪೀಕರಿನಲ್ಲಿ ಸ್ನಾಯು ಟಕ್ ಅಂದಿತು, ಟಕ್, ಒಂದೊಂದೇ.
ಇನ್ನೂ ಒತ್ತಿ.
ಆಗ ಬಂತು ಆ ಸದ್ದು:
ನಾಲ್ಕನೇ ಜ್ವರ ಎದ್ದ ಹುಳು
ತಟ್ಟೆ ತುಂಬ ಸೊಪ್ಪು ತಿನ್ನುವ ಸದ್ದು.
ಚಿಂತಾಮಣಿ ಕಡೆಯ ನಮ್ಮ ಮನೆಯಲ್ಲಿ
ನಡುರಾತ್ರಿ ಎದ್ದು ಅಮ್ಮ ಸೊಪ್ಪು ಹಾಕುತ್ತ
ಹುಳುಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದಳು,
ನಾನು ಅದರ ಪಕ್ಕದಲ್ಲೇ ಪರೀಕ್ಷೆಗೆ ಓದುತ್ತಿದ್ದೆ.
ಹುಳದ ಹಾಗೆ ಅಲ್ವಾ, ಅಂದೆ.
"ಇರಬೋದು," ಅಂದಳು ಗುಲ್ನಾರ್ ಬಿ.
"ಬದುಕಿರೋ ಹುಳ ನಾನು ನೋಡಿದ್ದು ಕಮ್ಮಿ."

ನಾಲ್ಕು ಮಿಲಿಸೆಕೆಂಡಿಗೆ ಹೆಬ್ಬೆರಳು ಮುಟ್ಟಬೇಕಾದ ಸುದ್ದಿ
ಆರೂಮುಕ್ಕಾಲು ತೆಗೆದುಕೊಂಡಿದೆ.
ತೋರುಬೆರಳಿನ ಅಲೆ ಏಳಲೇ ಇಲ್ಲ,
ಪರದೆಯಲ್ಲಿ ಬಿಗಿದ ನೂಲಿನಂಥ ಗೆರೆ.
"ನೀರಿನಿಂದಾನಾ?"
ಅಲ್ಲ, ತಿರುಚಿ ತಿರುಚಿ.
ಮಣಿಕಟ್ಟಿನ ಸಂದಿಯಲ್ಲಿ ನರ ಅದುಮಿ
ಮೇಲಿನ ಕೊಬ್ಬಿನ ಹೊದಿಕೆ ಸವೆದಿದೆ,
ಅಂಟು ಬಿಟ್ಟ ಗೂಡಿನ ಹಾಗೆ.
ನೆಗೆಯಬೇಕಾದ ಕಡೆ ಸುದ್ದಿ ತೆವಳುತ್ತಿದೆ.
ಸಣ್ಣ ಆಪರೇಷನ್ನು, ಡಾಕ್ಟರು ಹೇಳುತ್ತಾರೆ.

ಹನ್ನೆರಡೂವರೆಗೆ ಕರೆಂಟು ಹೋಯಿತು.
ಯುಪಿಎಸ್ ಎರಡು ಸಲ ಕೂಗಿ ಕೈಬಿಟ್ಟಿತು.
ಜೆಲ್ಲಿ ಒರೆಸಿಕೊಳ್ಳುತ್ತಿದ್ದವಳು
ಎಡಗೈ ಚಾಚಿ
ನನ್ನ ಕೋಟಿನ ತೋಳಿಗೆ ಅಂಟಿದ್ದ, ನಾನೂ ಕಾಣದ,
ಒಂದು ದಾರದ ತುದಿ ಹಿಡಿದು ಕಿತ್ತಳು.

"ಈ ಕೈ ಇನ್ನೂ ಬಿಲ್ ಕಟ್ತಾ ಐತೆ," ಅಂದಳು,
ಚೀಟಿ ಬಲಗೈಗೆ ಕೊಟ್ಟೆ,
ಬಿತ್ತು.