ಎರಡು ಮಿಲಿಮೀಟರ್

ಪೆಟ್ಟಿಗೆ ಮೇಲಿನ ಚಿತ್ರವನ್ನು ನಾನು ನಂಬುವುದಿಲ್ಲ.
ಚಿತ್ರದಲ್ಲಿ ಪ್ರತಿ ಟ್ಯಾಂಕೂ ಗೆಲ್ಲುತ್ತಿರುತ್ತದೆ.
ಮುಚ್ಚಳ ತೆಗೆದು ಬಿಡಿಭಾಗದ ಚೌಕಟ್ಟನ್ನು
ಟ್ಯೂಬ್‌ಲೈಟಿಗೆ ಹಿಡಿಯುತ್ತೇನೆ, ಎಕ್ಸ್‌ರೇ ಹಿಡಿದಂತೆ.
ಅಂಚಿನಲ್ಲಿ ಪ್ಲಾಸ್ಟಿಕ್ ಒಸರಿದ್ದರೆ
ಅಚ್ಚಿಗೆ ವಯಸ್ಸಾಗಿದೆ.

ಕೌಲ್ ಬಜಾರಿನ ಈ ಮಾಳಿಗೆಯಲ್ಲಿ
ಹಗಲೆಲ್ಲ ಹಲ್ಲು ಮಾಡುತ್ತೇನೆ,
ಡಾಕ್ಟರುಗಳು ಕಳಿಸಿದ ದವಡೆಯ ಅಳತೆಗೆ.
ರಾತ್ರಿ ಎಂಟರ ಮೇಲೆ ಅದೇ ಅರ, ಅದೇ ಚಿಮಟ.
ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ
ನಾಲಿಗೆ ಹೋಗಿ ಹೋಗಿ ಅಲ್ಲೇ ನಿಲ್ಲುತ್ತದೆ.
ನನ್ನ ಬೆರಳೂ ಹಾಗೆ.

ಈ ಸಲದ್ದು ಟಿ-ಐವತ್ತೈದು, ಮೂವತ್ತೈದರಲ್ಲಿ ಒಂದು ಪಾಲು.
ಬದಿಗೆ ಐದೈದು ಗಾಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ
ಅಂತರ ತುಸು ಹೆಚ್ಚಿರಬೇಕು; ಇದೆ.
ಗೋಪುರದ ಮೈ ಎರಕದ್ದು, ಕೈಗೆ ಒರಟು ಹತ್ತಬೇಕು;
ಇವರು ಸ್ಟೀಲ್ ಲೋಟದಷ್ಟು ನುಣುಪು ಮಾಡಿದ್ದಾರೆ.
ಪಟ್ಟಾ ಗಾಲಿಗಳ ಬೆನ್ನ ಮೇಲೆ
ಹಗ್ಗದ ಮೇಲಿನ ಒದ್ದೆ ಸೀರೆಯಂತೆ ಜೋತು ಬಿದ್ದಿರಬೇಕು;
ಇದು ಮದುವೆಗೆ ಹೊರಟವನ ಬೆಲ್ಟು.
ಕ್ಯಾಲಿಪರ್ ಇಟ್ಟೆ. ಉದ್ದದಲ್ಲಿ ಎರಡು ಮಿಲಿಮೀಟರ್ ಕಡಿಮೆ.
ಹತ್ತಕ್ಕೆ ಆರು, ನೋಟ್‌ಬುಕ್ಕಿನಲ್ಲಿ ಬರೆದೆ.

ಆದರೂ ಕಟ್ಟಿದೆ. ಕಾಸು ಕೊಟ್ಟಿದ್ದೇನಲ್ಲ.
ತುಕ್ಕಿನ ಬಣ್ಣ ಕೊಳ್ಳುವ ಊರಲ್ಲ ನಮ್ಮದು:
ಸಂಡೂರಿನ ಲಾರಿ ಉದುರಿಸಿದ ಧೂಳು
ಕಿಟಕಿ ಸರಳಿನ ಮೇಲೇ ಸಿಗುತ್ತದೆ,
ಕುಂಚದ ತುದಿಯಲ್ಲಿ ಎತ್ತಿ ಸವರಿದೆ.

ಹವಾಲ್ದಾರ್ ಗಾದಿಲಿಂಗಪ್ಪ ಬಿರುಕು ಬಿಟ್ಟ ಸೆಟ್ಟು
ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು.
ಹನ್ನೊಂದು ವರ್ಷ ಇದೇ ಗಾಡಿಗೆ ಪಾನಾ ಹಿಡಿದವರು.
"ಏನ್ಲೇ ಬಾಷಾ, ಇಷ್ಟು ತುಕ್ಕು ಹಿಡಿಸಿದ್ರ
ನಮ್ಮ ಸಾಬ್ ನನ್ನ ಮೂರು ದಿನ ಗ್ರೌಂಡ್ ಸುತ್ತಸ್ತಿದ್ದ.
ಅಲ್ಲಿ ಮಣ್ಣು ಹಳದಿ.
ನೀ ಬಳ್ಳಾರಿ ಬಳದೀ."

ಬೆಸುಗೆ, ಕೊಕ್ಕೆ, ಗಾಲಿಯ ನಕ್ಷತ್ರ, ಯಾವುದನ್ನೂ ನೋಡಲಿಲ್ಲ.
ಕೂಸಿನ ಬಟ್ಟೆ ಒದ್ದೆಯೇನೋ ಎಂದು ನೋಡುವವರಂತೆ
ಬೋರಲು ಹಾಕಿದರು.
ಹೊಟ್ಟೆಯಡಿ ಸಪಾಟು, ಕಂಪನಿಯ ಹೆಸರು.
"ಡ್ರೈವರ್ ಸೀಟಿನ ಹಿಂದ, ತಳದಾಗ, ಒಂದು ಬಾಗಿಲು ಐತಿ.
ಮ್ಯಾಲೆ ಬೆಂಕಿ ಬಿದ್ರ ಅದರಾಗಿಂದ ಇಳೀಬೇಕು.
ಎಲ್ಲಿ ಅದು?"

ತಳ ಯಾರು ನೋಡ್ತಾರೆ ಅಂದೆ. ಅಂದದ್ದು ನನಗೇ ಸರಿಯೆನಿಸದೆ
ಎರಡು ಮಿಲಿಮೀಟರಿನ ಲೆಕ್ಕ ತೆಗೆದೆ:
ಮೂವತ್ತೈದರಿಂದ ಗುಣಿಸಿದರೆ ಏಳು ಸೆಂಟಿಮೀಟರ್.
ಅವರು ನಾಲ್ಕು ಬೆರಳು ಜೋಡಿಸಿ
ಮೇಜಿನ ಮೇಲಿಟ್ಟು ಅಗಲ ನೋಡಿಕೊಂಡರು.
"ಇಷ್ಟು.
ಬಲ್ಕಾರ್ ಆರಡಿ ಮ್ಯಾಲಿದ್ದ. ಅವನ ಮೊಣಕಾಲಿಗೂ ಉಕ್ಕಿಗೂ ನಡುವ
ಇಷ್ಟೂ ಇದ್ದಿಲ್ಲ. ದಿನಾ ಚರ್ಮ ಕಿತ್ತು ಬರೋದು.
ಎಣ್ಣಿ ನಾ ಹಚ್ಚತಿದ್ದೆ."

ಆಮೇಲೆ ಹಲ್ಲಿಲ್ಲದ ಬಾಯಿ ಮುಚ್ಚಿ ಕುಳಿತರು.
ಕೆಳಗೆ ಜೀನ್ಸಿನ ಕಟ್ಟು ಹೇರಿದ ಆಟೋ
ಓಣಿಯಲ್ಲಿ ತಿರುಗಲಾರದೆ ಹಾರ್ನ್ ಹೊಡೆಯುತ್ತಿತ್ತು.
ಬಲ್ಕಾರ್ ಏನಾದ ಎಂದು ನಾನು ಕೇಳಲಿಲ್ಲ.
ಸೆಟ್ಟು ಗುರುವಾರಕ್ಕೆ, ಎಂದೆ.

ಅವರ ದವಡೆಗೆಂದು ಕಲಸಿದ ಒಸಡಿನ ಬಣ್ಣದ ಹಿಟ್ಟು
ಬಟ್ಟಲಲ್ಲಿ ಚೂರು ಉಳಿದಿತ್ತು, ಗಟ್ಟಿಯಾಗುವ ಮೊದಲು
ಟ್ಯಾಂಕಿನ ಮೂಗನ್ನು ಗರಗಸದಲ್ಲಿ ಬಿಡಿಸಿ
ನಡುವೆ ತುಂಬಿದೆ. ಕ್ಯಾಲಿಪರ್ ಒಪ್ಪಿತು.
ಹೊಟ್ಟೆಯಡಿ ಬಾಗಿಲ ಗೆರೆ ಕೊರೆಯುವಾಗ ಬ್ಲೇಡು ಜಾರಿ
ಕಂಪನಿಯ ಹೆಸರು ಅರ್ಧ ಹೋಯಿತು.
ಆರನ್ನು ಹೊಡೆದುಹಾಕಿದ್ದೇನೆ, ಬೇರೆ ಅಂಕಿ ಬರೆದಿಲ್ಲ.
ಗುಲಾಬಿ ಪಟ್ಟಿಗೆ ಇನ್ನೂ ಬಣ್ಣ ಬಳಿದಿಲ್ಲ.
ಗುರುವಾರ ಬಂದವರು
ಹಲ್ಲು ಹಾಕಿಕೊಳ್ಳುವ ಮೊದಲೇ
ಅದನ್ನು ಬೋರಲು ಹಾಕುತ್ತಾರೆ.