ಮೂಲಸ್ಥಿತಿ

ಮಂಗಳೂರಿನಿಂದ ಬಂದವರು ಬಾನೆಟ್ಟಿನ ಮೇಲೆ ಕೈಯಿಟ್ಟು
'ಇದನ್ನು ಮೂಲಸ್ಥಿತಿಗೆ ತರಬೇಕು' ಅಂದಿರಿ.
ಆಗಲಿ ಸ್ವಾಮಿ.
ಯಾವ ಮೂಲ?

ಕಾಂಟೆಸ್ಸಾ. ಎಂಬತ್ತೈದರ ಮಾಡೆಲು.
ಗೆರೆ ಎಳೆದದ್ದು ಇಂಗ್ಲೆಂಡಿನಲ್ಲಿ, ತಗಡು ಬಡಿದದ್ದು ಬಂಗಾಳದಲ್ಲಿ,
ಮೊದಲ ಗೀರು ಬಿದ್ದದ್ದು ಸಿದ್ದಾಪುರದ ಮೆಣಸು ವ್ಯಾಪಾರಿಯ ಗೇಟಿಗೆ.
ಅಗಲ ಭುಜ, ಉದ್ದ ಮೂತಿ,
ಗರಡಿಯಿಂದ ಈಗಷ್ಟೇ ಮಣ್ಣು ಕೊಡವಿ ಬಂದ ಹಾಗೆ.
ಒಳಗೆ ನೋಡಿದರೆ
ಅಂಬಾಸಿಡರಿನ ಅದೇ ಇಂಜಿನ್ನು, ಐವತ್ತು ಕುದುರೆ,
ಅವೂ ಹುಲ್ಲು ಕಾಣದವು.
ಪೆರುಂಬಾಡಿಯ ಏರಿನಲ್ಲಿ
ಮರದ ಲಾರಿ ಕೂಡ ಹಾರನ್ನು ಹೊಡೆದು ಮುಂದೆ ಹೋಗುತ್ತಿತ್ತು.
'ಪೈಲ್ವಾನನ ಮೈ, ಗುಮಾಸ್ತನ ಗುಂಡಿಗೆ'
ಅಂದ ಮೊಯ್ದು ಮೇಸ್ತ್ರಿ,
ರಿಪೇರಿ ಬಾಕಿಗೆ ಬದಲು ಕಾರನ್ನೇ ಇಟ್ಟುಕೊಂಡ.

ಗೊಣಿಕೊಪ್ಪದ ಈ ಶೆಡ್ಡಿನ ಗೋಡೆಯಲ್ಲಿ
ಯಾರೋ ತಂದ ಕ್ಯಾಲೆಂಡರು ಒಂದಿತ್ತು:
ಅಮೆರಿಕದ ಕಾರು, ಕಿತ್ತಳೆ ಪಟ್ಟೆ,
ಹಿಂದಿನ ಗಾಲಿ ಹೊಗೆಯಲ್ಲಿ ಮುಳುಗಿದೆ.
ಮೇಸ್ತ್ರಿ ಹೆಸರು ಕೇಳಲಿಲ್ಲ. ಹೊಗೆಯನ್ನೇ ನೋಡುತ್ತಿದ್ದ.
'ಹಿಂದಿನಿಂದ ತಳ್ಳುವ ಜಾತಿ,' ಅಂದ. 'ನಮ್ಮದೂ ಅದೇ.'
ಡಿಸೆಂಬರು ಮುಗಿದರೂ ಹಾಳೆ ಹರಿಯಲಿಲ್ಲ.

ಮೊದಲ ವರ್ಷ ಹೆಡ್ಡು ಬಿಚ್ಚಿ ಮೈಸೂರಿನ ಲೇತಿಗೆ ಒಯ್ದವನು ನಾನು,
ಬಸ್ಸಿನಲ್ಲಿ, ಗೋಣಿ ಸುತ್ತಿ, ತೊಡೆಯ ಮೇಲೆ.
ಕಂಡಕ್ಟರು ಅರ್ಧ ಟಿಕೆಟು ಹರಿದ.
ಒಂದೂವರೆ ಮಿಲಿಮೀಟರು ಕೆತ್ತಿಸಿ ತಂದೆ.
ಹಿಂದಿನ ಸೀಟು ಕಿತ್ತೆವು.
ನೀವೀಗ ಕೂತಿದ್ದೀರಲ್ಲ, ಅದೇ.
ತೂಕ ಇಳಿಸಲು ಡ್ರಿಲ್ಲು ಹಿಡಿದು ಕೊರೆದೆವು
ನೂರ ಹನ್ನೆರಡು ತೂತು. ಎಣಿಸಿದ್ದೇನೆ.

ಓಡಿಸಿದವಳು ಪಾಲಿಬೆಟ್ಟದ ದೇಚಮ್ಮ.
ಹಾಕಿಕೋಲು ಹಿಡಿದ ಕೈ, ಸ್ಟೇರಿಂಗನ್ನೂ
ಚೆಂಡು ತಿರುಗಿಸಿದಂತೆ ಮಣಿಕಟ್ಟಲ್ಲೇ ತಿರುಗಿಸುವವಳು.
ಅವಳ ತೋಟದ ಸ್ಪ್ರಿಂಕ್ಲರು ಪೈಪಿನಿಂದಲೇ
ಒಳಗೆ ಪಂಜರ ಬೆಸೆದೆವು.
ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ನೀರು ಚಿಮ್ಮಿಸಿದ್ದ ಪೈಪು.

ಪುತ್ತರಿ ಕಳೆದು, ಗದ್ದೆಯ ಕೂಳೆ ಒಣಗಿ,
ಟ್ರಾಕ್ಟರು ಎಳೆದ ದಾರಿಯಲ್ಲಿ ಮೊದಲ ಪಂದ್ಯ.
ಮೂರನೇ ಸುತ್ತಿಗೆ ಗೇರುಬಾಕ್ಸು ಹಲ್ಲು ಉದುರಿಸಿತು.
ಮರುವರ್ಷ ಹುಣಸೂರಿನ ಗುಜರಿಯಿಂದ ಇಸುಜು ಇಂಜಿನ್ನು,
ಕೂರಿಸಲು ಅಡ್ಡಪಟ್ಟಿ ಕತ್ತರಿಸಿದ್ದು, ಇಲ್ಲಿ, ಬೆರಳಾಡಿಸಿ ನೋಡಿ.
ಆಗ ಎರಡನೆಯ ಸ್ಥಾನ. ಒಂದು ಪ್ರೆಶರ್ ಕುಕ್ಕರು.
ಅದರ ಮರುವರ್ಷ ಪರೀಕ್ಷೆಯವರು
ಪೈಪನ್ನು ನಾಣ್ಯದಿಂದ ಕುಟ್ಟಿ, ಕಿವಿಗೊಟ್ಟು,
'ನೀರಿನ ಪೈಪು ನಡೆಯದು' ಅಂದರು.

ಎಲ್ಲರೂ ಹೋದ ಮೇಲೆ,
ಜನರೇಟರು ಆರಿಸಿದ ಮೇಲೆ,
ಒಬ್ಬಳೇ ಇಳಿಸಿದಳು ಗದ್ದೆಗೆ.
ಮೇಸ್ತ್ರಿಯ ಕೈಯಲ್ಲಿ ಹಾಕಿ ರೆಫ್ರಿಯ ಹಳೇ ವಾಚು.
ಕೊನೆಯ ತಿರುವಿನಲ್ಲಿ ಬದುವಿಗೆ ಗಾಲಿ ಸಿಕ್ಕಿ
ಒಂದು ಸಲ. ಇನ್ನೊಂದು ಸಲ.
ಆಮೇಲೆ ಧೂಳು ಮಾತ್ರ.
ಓಡಿದೆವು.
ಕಿಟಕಿಯಿಂದ ತೆವಳಿ ಬಂದು, ಬಾಯಿಯ ಮಣ್ಣು ಉಗಿದು ಕೇಳಿದಳು:
'ಎಷ್ಟಾಯಿತು?'
ಮೇಸ್ತ್ರಿ ವಾಚು ನಿಲ್ಲಿಸಿರಲಿಲ್ಲ.

ಪೈಪಿನ ಈ ತಗ್ಗು ಅವತ್ತಿನದು.
ಅವಳ ತಲೆಗೂ ಇದಕ್ಕೂ ನಡುವೆ ನಾಲ್ಕು ಬೆರಳು.

ಸರಿ. ಪಂಜರ ಕತ್ತರಿಸುತ್ತೇನೆ.
ತೂತು ಮುಚ್ಚುತ್ತೇನೆ, ತೂತಿಗೆ ಇಷ್ಟೆಂದು ಲೆಕ್ಕ ಹಾಕಿ.
ಐವತ್ತು ಬಡಕಲು ಕುದುರೆಗಳನ್ನು
ಎಲ್ಲಿಂದಲಾದರೂ ಹುಡುಕಿ ಕಟ್ಟುತ್ತೇನೆ.
ಸೀಟಿನಿಂದ ಮಾತ್ರ ಏಳಬೇಕಾದೀತು ನೀವು.

ಇನ್ನು ಈ ಇಸುಜುವಿನ ಕಾರ್ಬುರೇಟರು.
ಅದರ ಜೆಟ್ಟುಗಳನ್ನು ಮೇಸ್ತ್ರಿ ಇಲ್ಲಿಯ ತೆಳು ಗಾಳಿಗೆ
ಸೂಜಿಯಂಥ ತಂತಿಯಿಂದ ಅಳೆದು ಕೂರಿಸಿದ್ದು.
ಕಡಲ ಬುಡದ ದಪ್ಪ ಗಾಳಿಯಲ್ಲಿ ಅವು ಸಾಲವು,
ಕೆಮ್ಮುತ್ತವೆ, ಬಿಸಿಯೇರುತ್ತವೆ,
ನಿಮಗೆ ಹೇಗೂ ಬೇಡ.
ಆದರೂ ಬೆಂಕಿಪೊಟ್ಟಣದಲ್ಲಿ ಹಾಕಿ
ಡ್ಯಾಶ್‌ಬೋರ್ಡಿನೊಳಗೆ ಇಟ್ಟಿರುತ್ತೇನೆ.
ಬಿಲ್ಲಿಗೆ ಸೇರಿಸುವುದಿಲ್ಲ.